ಉಳವಿ ದಾರಿಯ ಕಾಡು

ವಿಜಯಪುರ ಜಿಲ್ಲೆಯ ನನ್ನ ವಾರಿಗೆಯವರಿಗೆ ಕಾಡು ಅಂದರೆ ಉಳವಿಯ ದಾರಿ. ಹುಲಿ, ಆನೆ, ಝರಿ, ಜಲಪಾತ ಎಲ್ಲ ಪಾಠದ ಪುಸ್ತಕದೊಳಗೆ ಇದ್ದವು. ಕಣ್ಣಿಗೆ ಕಂಡ ಕಾಡು ಅದೊಂದೇ.

ನಮ್ಮದು ಬಬಲೇಶ್ವರ ಸೀಮೆಯ ಎರಿ ಭೂಮಿ. ಹೊಲದ ಬದುವಿಗೊಂದು ಬೇವಿನ ಗಿಡ, ಹಳ್ಳದ ದಂಡೆಗೆ ನಾಲ್ಕು ಜಾಲಿ, ಗುಡಿಯ ಮುಂದೊಂದು ಬನ್ನಿ ಇದ್ದರೆ ಊರಿಗೆ ಅದೇ ನೆರಳು. ನಿಂತಲ್ಲಿಂದ ನಾಲ್ಕೂ ದಿಕ್ಕಿಗೆ ಮುಗಿಲು ನೆಲಕ್ಕೆ ಮುಟ್ಟುವುದು ಕಾಣುತ್ತಿತ್ತು. ವಿಜಯಪುರದ ಸಂತೆ ಮುಗಿಸಿ ಊರ ಕಡೆ ಎಷ್ಟೋ ದೂರ ಬಂದ ಮೇಲೂ ತಿರುಗಿ ನೋಡಿದರೆ ಗೋಳಗುಮ್ಮಟ ಕಾಣುತ್ತಿತ್ತು. ಇಂಥ ಬಯಲಿನಲ್ಲಿ ಬೆಳೆದ ಕಣ್ಣು ದೂರದ್ದನ್ನು ನೋಡಲು ತಾನಾಗಿಯೇ ಕಲಿಯುತ್ತದೆ. ಹತ್ತಿರದ್ದನ್ನು ನೋಡಲು ನನಗೆ ಕಲಿಸಿದ್ದು ಉಳವಿ ದಾರಿಯ ಕಾಡು, ಮತ್ತು ಆ ಕಾಡಿನ ಮಗ್ಗುಲಲ್ಲೇ ಹುಟ್ಟಿ ಬೆಳೆದ ಒಬ್ಬ ಗೈಡ್.

ನಾವು ಕಾಡಿಗೆ ಹೋಗುವ ಮೊದಲೇ ಕಾಡು ನಮ್ಮ ಮನೆಗೆ ಬಂದಿತ್ತು. ತಲಬಾಗಿಲು, ಪಡಸಾಲೆಯ ಕಂಬ, ಮೇಲಿನ ತೊಲೆ ಎಲ್ಲ ದಾಂಡೇಲಿ ಸಾಗವಾನಿ ಎಂದು ಅಜ್ಜ ಬಂದವರಿಗೆಲ್ಲ ಹೇಳುತ್ತಿದ್ದ. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ನಿಂತಿತು. ಸುತ್ತಲಿನ ಕಾಡಿನ ಬಿದಿರು ಅದರ ಹೊಟ್ಟೆಗೆ ಹೋಗಿ ಹಾಳೆಯಾಗಿ ಹೊರಬರುತ್ತಿತ್ತು. ನಾವು ಶಾಲೆಯಲ್ಲಿ ಬರೆದು ತುಂಬಿಸಿದ ಎಷ್ಟು ಪಟ್ಟಿಗಳಲ್ಲಿ ಆ ಬಿದಿರು ಇತ್ತೋ, ಲೆಕ್ಕ ಇಟ್ಟವರಿಲ್ಲ. ಮನೆ ಕಟ್ಟಲು ಕಟ್ಟಿಗೆ, ಬರೆಯಲು ಹಾಳೆ, ಕೈಮುಗಿಯಲು ಉಳವಿ ಚನ್ನಬಸವಣ್ಣ, ಇವು ಮೂರೂ ಒಂದೇ ದಿಕ್ಕಿನಿಂದ ನಮಗೆ ಸಿಕ್ಕವು.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಕದಡಿದಾಗ ಶರಣರ ಒಂದು ದಂಡು ಪಡುವಣದ ದಟ್ಟ ಅಡವಿ ಹಿಡಿಯಿತು. ಚನ್ನಬಸವಣ್ಣ ಐಕ್ಯನಾದದ್ದು ಉಳವಿಯಲ್ಲಿ. ಅವನ ಸೋದರಮಾವ ಬಸವಣ್ಣ ನಮ್ಮ ಜಿಲ್ಲೆಯ ಬಾಗೇವಾಡಿಯವನು. ಹಾಗಾಗಿ ಉಳವಿ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿದ್ದರೂ ನಮ್ಮ ಕಡೆಯವರಿಗೆ ಅದು ಪರಸ್ಥಳವೆಂದು ಎಂದೂ ಅನ್ನಿಸಿಲ್ಲ. ಭಾರತ ಹುಣ್ಣಿಮೆಯ ಸುಮಾರಿಗೆ ಜಾತ್ರೆ. ಬಯಲು ಸೀಮೆಯ ಹಳ್ಳಿಗಳಿಂದ ಚಕ್ಕಡಿಗಳು ಸಾಲುಗಟ್ಟಿ ಹೊರಡುತ್ತವೆ.

ನಾನು ಚಿಕ್ಕವನಿದ್ದಾಗ ಅವ್ವನ ಜೊತೆ ಹೋದ ಜಾತ್ರೆ ಈಗಲೂ ಕಣ್ಣ ಮುಂದಿದೆ. ಧಾರವಾಡದ ಹತ್ತಿರದ ಹಳ್ಳಿಯಲ್ಲಿ ನಮ್ಮ ಸೋದರತ್ತೆ ಇದ್ದಳು. ಅವಳ ಊರಿನವರೆಗೆ ಬಸ್ಸು. ಅಲ್ಲಿಂದ ಕೊಲ್ಲಾರಿ ಕಟ್ಟಿದ ಚಕ್ಕಡಿ. ಸಜ್ಜಿರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆಯ ಬುತ್ತಿ, ಎತ್ತುಗಳಿಗೆ ಕಣಿಕಿ. ಹಳಿಯಾಳ ದಾಟಿ ದಾಂಡೇಲಿ ಬರುವ ಹೊತ್ತಿಗೆ ಹಾಡು ಹೇಳುತ್ತಿದ್ದ ಹೆಣ್ಣುಮಕ್ಕಳ ದನಿ ತಗ್ಗುತ್ತಿತ್ತು. ಮುಂದೆ ಪೋಟೋಲಿ, ಗುಂದ, ಎರಡೂ ಮಗ್ಗುಲಿಗೆ ಕಾಡು. ಗಿಡಗಳು ಮೇಲೆ ಕೂಡಿಕೊಂಡು ಮುಗಿಲೇ ಕಾಣದು. ಹಗಲಿನಲ್ಲೇ ತಂಪು. ಹಿರಿಯರು ಚಕ್ಕಡಿಗಳನ್ನು ಒಂದರ ಹಿಂದೊಂದು ಹತ್ತಿರ ತರಿಸುತ್ತಿದ್ದರು. ರಾತ್ರಿ ಬಿಡಾರ ಹೂಡಿದರೆ ಎತ್ತುಗಳು ನಡುವೆ, ಚಕ್ಕಡಿಗಳು ಸುತ್ತ, ಅದರಾಚೆ ಬೆಂಕಿ. ಕತ್ತಲಿನಿಂದ ಏನೋ ಒಂದು ಒಮ್ಮೆ ಕೂಗಿದರೆ “ಹರಹರ ಮಹಾದೇವ” ಎಂದು ಇಡೀ ಬಿಡಾರ ಒಂದೇ ಉಸಿರಿಗೆ ಕೂಗುತ್ತಿತ್ತು. ಅವ್ವ ನನ್ನ ಮೇಲೆ ಕೌದಿ ಎಳೆದು, “ಕಣ್ಣು ಮುಚ್ಚು, ಆ ಕಡಿ ನೋಡಬ್ಯಾಡ” ಅನ್ನುತ್ತಿದ್ದಳು.

ಕಾಡನ್ನು ದಾಟಬೇಕು, ನೋಡಬಾರದು. ನಮ್ಮ ಹಿರಿಯರಿಗೆ ಅದರೊಡನೆ ಇದ್ದ ನಂಟು ಇಷ್ಟೇ. ಅದರಲ್ಲಿ ಅಂಜಿಕೆಯೂ ಇತ್ತು, ಮರ್ಯಾದೆಯೂ ಇತ್ತು. ಗಿಡದ ಟೊಂಗೆ ಮುರಿಯುವ ಮೊದಲು ಕೈಮುಗಿಯುತ್ತಿದ್ದ ಮುದುಕರನ್ನು ಆ ದಾರಿಯಲ್ಲಿ ನೋಡಿದ್ದೇನೆ.

ಅದೇ ಕಾಡಿಗೆ ದಾರಿಹೋಕನಾಗಿ ಅಲ್ಲದೆ ನೋಡಲೆಂದೇ ಹೋದದ್ದು ಬಹಳ ವರ್ಷಗಳ ಮೇಲೆ, 2016ರ ಬೇಸಿಗೆಯಲ್ಲಿ. ಅಷ್ಟೊತ್ತಿಗೆ ನಾನು ವಿಜಯಪುರದಲ್ಲಿ ಶಾಲಾ ಮಾಸ್ತರನಾಗಿದ್ದೆ. ಜೊತೆಗೆ ಟಿಕೋಟಾದ ನಮ್ಮ ಕಾಕಾ. ಕಾಕಾನದು ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು. ಸತತ ಬರದ ಕಾಲವದು. ಬೋರುಗಳು ಒಂದರ ಹಿಂದೆ ಒಂದು ಬತ್ತಿದ್ದವು. ಬಳ್ಳಿ ಉಳಿಸಿಕೊಳ್ಳಲು ಟಿಕೋಟಾ ಸೀಮೆಯ ರೈತರು ಟ್ಯಾಂಕರಿನಿಂದ ನೀರು ತರಿಸಿ ಹನಿ ಹನಿ ಹಂಚುತ್ತಿದ್ದರು. ಕಾಕಾ ಬಳ್ಳಿ ಸವರುವ ಏಪ್ರಿಲ್ ಚಾಟ್ನಿ ಮುಗಿಸಿ ಸೋತು ಕುಂತಿದ್ದ. ಉಳವಿಗೆ ಹೋಗಿ ಕಾಯಿ ಒಡೆಸಿಕೊಂಡು ಬರೋಣ ಅಂದವನು ಅವನೇ. ಎರಡು ದಿನ ಕಾಡಿನಲ್ಲಿ ಉಳಿದು ನೋಡೋಣ ಅಂದವನು ನಾನು.

ಬಬಲೇಶ್ವರ ದಾಟಿ, ಗಲಗಲಿಯಲ್ಲಿ ಕೃಷ್ಣೆಯ ಸೇತುವೆ. ಮುಧೋಳ ದಾಟಿದರೆ ಘಟಪ್ರಭೆ. ಲೋಕಾಪುರ, ಯರಗಟ್ಟಿ ಆಗಿ ಸವದತ್ತಿಯ ಕಡೆ ಬಂದರೆ ಮಲಪ್ರಭೆ. ಮೂರೂ ಹೊಳೆಗಳು ಆ ಬೇಸಿಗೆಯಲ್ಲಿ ಸೊರಗಿದ್ದವು. ಕಾಕಾ ಪ್ರತಿ ಸೇತುವೆಯಲ್ಲೂ ಗಾಡಿ ನಿಲ್ಲಿಸಿ ಕೆಳಗೆ ನೋಡಿದ. 72ರ ಬರ ಕಂಡವನು ಅವನು. “ಇಷ್ಟು ನಿಲ್ಲಬಾರದಾಗಿತ್ತು ಹೊಳಿ,” ಅಂದ. ಧಾರವಾಡ, ಹಳಿಯಾಳ ದಾಟಿ ದಾಂಡೇಲಿಯ ಕಾಡು ಹೊಕ್ಕ ಮೇಲೆ ಅವನ ಮಾತು ಕಡಿಮೆಯಾಯಿತು.

ದಾಂಡೇಲಿಯ ಅಭಯಾರಣ್ಯ 1956ರದು. ಅದಕ್ಕೆ ಹೊಂದಿಕೊಂಡ ಅಣಶಿಯ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಎರಡನ್ನೂ ಕೂಡಿಸಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. ನಾವು ಹೋಗುವ ಕೆಲವೇ ತಿಂಗಳ ಮೊದಲು, 2015ರ ಡಿಸೆಂಬರಿನಲ್ಲಿ, ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂದು ಹೆಸರಾಗಿತ್ತು. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಹತ್ತಿರ ಹುಟ್ಟಿ, ಘಟ್ಟ ಇಳಿದು ಕಾರವಾರದಲ್ಲಿ ಕಡಲು ಸೇರುವ ಕಾಳಿ ನದಿಯೇ ಈ ಕಾಡಿನ ಜೀವನಾಡಿ. ಮೂಡಣದ ದಾಂಡೇಲಿ ಕಡೆ ಸಾಗವಾನಿ, ಮತ್ತಿ, ನಂದಿ, ಬಿದಿರಿನ ಎಲೆ ಉದುರುವ ಕಾಡು. ಪಡುವಣಕ್ಕೆ ಅಣಶಿ, ಕ್ಯಾಸಲ್‌ರಾಕ್ ಕಡೆ ಹೋದಂತೆ ವರ್ಷವಿಡೀ ಹಸಿರಾಗಿರುವ ಮಳೆಕಾಡು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಆರುನೂರು ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಬಂದರೆ. ಅಲ್ಲಿ ಘಟ್ಟದ ನೆತ್ತಿಯ ಮೇಲೆ ಅದರ ಹಲವು ಪಟ್ಟು ಸುರಿಯುತ್ತದೆ.

ಕುಳಗಿಯ ಪ್ರಕೃತಿ ಶಿಬಿರದಲ್ಲಿ ನಮಗೆ ಗೈಡ್ ಸಿಕ್ಕಿದ. ಜೋಯಿಡಾ ಸೀಮೆಯ ಹುಡುಗ, ಮೂವತ್ತರ ಒಳಗಿನವನು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಹಳಿಯಾಳದ ಕಡೆಯ ಕನ್ನಡ. ಕಾಕಾನನ್ನು ಮೊದಲ ಮಾತಿನಲ್ಲೇ “ಕಾಕಾ” ಅಂದ. ಬೆಳಗಿನ ಸಫಾರಿ ಫಣಸೋಲಿಯ ಕಡೆ. ಜೀಪಿನಲ್ಲಿ ನಮ್ಮ ಜೊತೆ ಊರೂರಿನ ಮಂದಿ. ಎಲ್ಲರ ಬಾಯಲ್ಲೂ ಒಂದೇ ಮಾತು, ಹುಲಿ ಕಾಣ್ತದೇನು? ಕರಿಚಿರತೆ ಕಾಣ್ತದೇನು? ಅವನು ಕಾಣ್ತದೆ ಅನ್ನಲಿಲ್ಲ, ಕಾಣಲ್ಲ ಅನ್ನಲೂ ಇಲ್ಲ. ಕರಿಚಿರತೆ ಬೇರೆ ಜಾತಿಯಲ್ಲ, ಚಿರತೆಯೇ, ಬಿಸಿಲಲ್ಲಿ ನಿಂತರೆ ಕಪ್ಪು ಮೈಯಲ್ಲೂ ಚುಕ್ಕೆ ಕಾಣುತ್ತವೆ ಎಂದು ತಿಳಿಸಿದ. ಆಮೇಲೆ, “ಮೊದಲ ಕಿವಿ ತೆರೀರಿ, ಕಣ್ಣು ಆಮ್ಯಾಲೆ,” ಅಂದ.

ಒಂದು ತಿರುವಿನಲ್ಲಿ ಜೀಪು ನಿಲ್ಲಿಸಲು ಕೈ ಮಾಡಿದ. ಇಂಜಿನ್ ನಿಂತಿತು. ಮೊದಮೊದಲು ನನಗೆ ಏನೂ ಕೇಳಿಸಲಿಲ್ಲ. ನಂತರ ದೂರದಲ್ಲಿ ಮುಸಿಯನ ಗಡುಸು ಕೂಗು. ಅದಾದ ಮೇಲೆ ಕಾಡುಕುರಿ ಬೊಗಳಿದ ಸದ್ದು, ಮತ್ತೆ ಸ್ವಲ್ಪ ಆಚೆ ಇನ್ನೊಂದು. ಕೂಗು ಯಾವ ಕಡೆಯಿಂದ ಯಾವ ಕಡೆಗೆ ಸರಿಯುತ್ತಿದೆ ಎಂಬುದನ್ನು ಅವನು ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದ. ಬೇಟೆಯಾಡುವ ಪ್ರಾಣಿಯೊಂದು ಆ ಗೆರೆಯ ಮೇಲೆ ನಡೆಯುತ್ತಿತ್ತು. ನಮಗೆ ಅದು ಕಾಣಲಿಲ್ಲ. ಕಾಡೆಲ್ಲ ಅದನ್ನು ನೋಡುತ್ತಿತ್ತು, ನೋಡಿದ್ದನ್ನು ಒಬ್ಬರಿಗೊಬ್ಬರು ಹೇಳುತ್ತಿತ್ತು. ಮುಂದೆ ಹಾದಿಯ ದೂಳಿನಲ್ಲಿ ಕಾಟಿಗಳ ಗೊರಸಿನ ಗುರುತು, ಮತ್ತಿಯ ಬುಡದಲ್ಲಿ ಉಗುರು ಎಳೆದ ಗಾಯ. ಆ ಗಾಯದ ಅಂಚಿನ ಅಂಟು ಇನ್ನೂ ಹಸಿಯೋ ಒಣಗಿದೆಯೋ ಎಂದು ನೋಡಿ ಹೊತ್ತು ಹೇಳುವ ಪರಿಯನ್ನು ವಿವರಿಸಿದ. ಕಾಟಿಗಳ ಹಿಂಡೊಂದು ಬಿದಿರಿನ ಮೆಳೆಯಲ್ಲಿ ನಿಂತಿತ್ತು. ಮಂಡಿಯಿಂದ ಕೆಳಗೆ ಬಿಳಿ ಕಾಲು, ಮೇಲೆ ಎಣ್ಣೆ ಹಚ್ಚಿದ ಹಾಗೆ ಕಪ್ಪು ಮೈ. ಎತ್ತುಗಳ ನಡುವೆ ಬೆಳೆದ ಕಾಕಾ ಅವುಗಳ ಹಿಣಿಲನ್ನು ಕಣ್ಣಿನಲ್ಲೇ ಅಳೆದು, “ಇದಕ್ಕ ನೊಗ ಹೂಡಾವ ಇನ್ನೂ ಹುಟ್ಟಿಲ್ಲ,” ಅಂದ.

ಸಫಾರಿಯಿಂದ ಬಂದ ಮೇಲೆ ಉಳಿದವರು ಹುಲಿ ಕಾಣಲಿಲ್ಲವೆಂದು ಮುಖ ಸಣ್ಣ ಮಾಡಿಕೊಂಡು ಹೋದರು. ನನಗೆ ಆ ಬೆಳಗು ತುಂಬಿ ಬಂದಿತ್ತು. ಇಷ್ಟು ವರ್ಷ ಮಕ್ಕಳಿಗೆ ಆಹಾರ ಸರಪಳಿ ಎಂದು ಹಲಗೆಯ ಮೇಲೆ ಬರೆದು ತೋರಿಸಿದ್ದು ಆವತ್ತು ಕಿವಿಯಲ್ಲಿ ನಡೆದುಹೋಗಿತ್ತು.

ದಾಂಡೇಲಿ ಮಂಗಟ್ಟೆಗಳ ಊರು. ಊರಿನ ಮರದ ಡಿಪೋದಲ್ಲೇ ಅವು ಹಿಂಡುಗಟ್ಟಿ ಸೇರುತ್ತವೆ. ನಾಲ್ಕು ಬಗೆಯ ಮಂಗಟ್ಟೆಗಳು ಈ ಕಾಡಿನಲ್ಲಿವೆ. 2011ರಲ್ಲಿ ಕಾಳಿಯ ದಂಡೆಯ ಕಾಡನ್ನು ಮಂಗಟ್ಟೆಗಳಿಗೆಂದೇ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ನಾವು ಹೋದದ್ದು ಗೂಡಿನ ಕಾಲ. ಮರುದಿನ ಬೆಳಿಗ್ಗೆ ಗೈಡ್ ನಮ್ಮನ್ನು ಒಂದು ಕಡೆ ಕರೆದೊಯ್ದು, ಗೂಡಿನಿಂದ ಬಹಳ ಹಿಂದೆಯೇ ಒಂದು ಬಂಡೆಯ ಮರೆಯಲ್ಲಿ ಕೂರಿಸಿದ. ಇದಕ್ಕಿಂತ ಒಂದು ಹೆಜ್ಜೆ ಮುಂದೆ ಬೇಡ ಅಂದ. ದುರ್ಬೀನು ಕೊಟ್ಟು ತಾರೆ ಮರದ ಎತ್ತರದ ಪೊಟರೆಯೊಂದನ್ನು ತೋರಿಸಿದ. ಪೊಟರೆಯ ಬಾಯಿ ಮೆತ್ತಿ ಮುಚ್ಚಿತ್ತು. ನಡುವೆ ಉದ್ದಕ್ಕೆ ಒಂದು ಸೀಳು ಮಾತ್ರ.

ಹೆಣ್ಣು ಮಂಗಟ್ಟೆ ಒಳಗೆ ಹೊಕ್ಕು, ತನ್ನ ಹಿಕ್ಕೆ, ಹಣ್ಣಿನ ತಿರುಳು ಮೆತ್ತಿ ತಾನೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ರೆಕ್ಕೆಯ ಗರಿ ಉದುರಿಸಿ ಮೊಟ್ಟೆಗೆ ಕಾವು ಕೊಡುತ್ತದೆ. ತಿಂಗಳುಗಟ್ಟಲೆ ಗಂಡು ತಂದು ಕೊಟ್ಟದ್ದೇ ಅದಕ್ಕೂ ಮರಿಗೂ ಅನ್ನ. ನಾವು ಕುಂತು ಬಹಳ ಹೊತ್ತಾದ ಮೇಲೆ ಮೇಲಿನಿಂದ ಸದ್ದು ಬಂತು. ಕಣದಲ್ಲಿ ರಾಶಿ ತೂರುವಾಗ ಮೊರ ಬೀಸಿದ ಸದ್ದು ಎಂದು ಕಾಕಾ ಪಿಸುಗುಟ್ಟಿದ. ದೊಡ್ಡ ಮಂಗಟ್ಟೆ. ಪೊಟರೆಯ ಪಕ್ಕ ತೊಗಟೆಗೆ ಉಗುರು ಊರಿ ಕುಂತು ಸುತ್ತ ನೋಡಿತು. ಆಮೇಲೆ ಕುತ್ತಿಗೆ ಅಲ್ಲಾಡಿಸಿ ಗಂಟಲಿನಿಂದ ಒಂದು ಹಣ್ಣು ಕೊಕ್ಕಿನ ತುದಿಗೆ ತಂದಿತು. ಸೀಳಿನಿಂದ ಇನ್ನೊಂದು ಕೊಕ್ಕಿನ ತುದಿ ಹೊರಬಂತು. ಹಣ್ಣು ಒಳಗೆ ಹೋಯಿತು. ಮತ್ತೊಂದು. ಮತ್ತೊಂದು. ಅಷ್ಟು ದೊಡ್ಡ ಕೊಕ್ಕು ಅಷ್ಟು ಸಣ್ಣ ಹಣ್ಣನ್ನು ಒಂದೂ ಕೆಳಗೆ ಬೀಳದಂತೆ ದಾಟಿಸುತ್ತಿತ್ತು. ಗೈಡ್ ತುಟಿ ಅಲ್ಲಾಡಿಸಿ ಹಣ್ಣುಗಳನ್ನು ಎಣಿಸುತ್ತಿದ್ದ. ದಿನದಿನವೂ ಬರೆದಿಡುತ್ತೇನೆ ಅಂದ. ಎಣಿಕೆ ಇಳಿದರೆ ಕಾಡಿನಲ್ಲಿ ಅತ್ತಿ, ಬಸರಿ, ಆಲ ಹಣ್ಣು ಬಿಡುತ್ತಿಲ್ಲವೆಂದು ಅವನಿಗೆ ಗೊತ್ತಾಗುತ್ತದೆ.

“ಈ ಗಂಡು ಸತ್ರ?” ಕಾಕಾ ಕೇಳಿದ.

“ಒಳಗಿನವೂ ಉಳಿಯೋದು ಕಷ್ಟ ಕಾಕಾ. ಅದಕ್ಕ ನಾವು ಇಷ್ಟು ದೂರ ಕುಂತೇವಿ. ಫೋಟೋ ತೆಗಿಯಾಕ ಮಂದಿ ಹತ್ತಿರ ಹೋದ್ರ ಅದು ಹಣ್ಣು ತಂದರೂ ಗೂಡಿಗೆ ಬರೂದಿಲ್ಲ, ಸುತ್ತು ಹೊಡೀತದ. ಅಷ್ಟೊತ್ತು ಒಳಗ ಹಸಿವು.”

ಮಂಗಟ್ಟೆ ನುಂಗಿದ ಹಣ್ಣಿನ ಬೀಜ ದೂರ ಹೋಗಿ ಬೀಳುತ್ತದೆ. ಕಾಡಿನ ಧೂಪ, ರಾಮಪತ್ರೆಯಂಥ ದೊಡ್ಡ ಬೀಜದ ಮರಗಳಿಗೆ ಇಷ್ಟು ದೊಡ್ಡ ಗಂಟಲಿನ ಹಕ್ಕಿಯೇ ಬೇಕು. ಹಳೆಯ ಮರ ಇಲ್ಲದಿದ್ದರೆ ಪೊಟರೆ ಇಲ್ಲ, ಪೊಟರೆ ಇಲ್ಲದಿದ್ದರೆ ಮಂಗಟ್ಟೆ ಇಲ್ಲ, ಮಂಗಟ್ಟೆ ಇಲ್ಲದಿದ್ದರೆ ನಾಳಿನ ಮರಗಳು ಎಷ್ಟೋ ಇಲ್ಲ. ನಮ್ಮ ತಲಬಾಗಿಲು, ತೊಲೆ, ಕಂಬಗಳಿಗೆ ಕಾಡಿನ ಹಿರಿಯ ಮರಗಳೇ ಆಯ್ಕೆಯಾಗಿದ್ದವು ಎಂಬುದು ಆ ಬಂಡೆಯ ಮರೆಯಲ್ಲಿ ಕುಂತಾಗ ನನಗೆ ನೆನಪಾಯಿತು.

ಆ ಮಧ್ಯಾಹ್ನ ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್‌ಗೆ ಹೋದೆವು. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಕೂಡಿಡಲು ಬಳಸಿದ ಜಾಗ ಅದು. ಈಗ ಹಕ್ಕಿ ನೋಡುವವರ ಠಾವು. ಗಿಡಗಳ ನಡುವೆ ಸಣ್ಣ ಸಣ್ಣ ನೀರಿನ ಬಟ್ಟಲುಗಳನ್ನು ಇಟ್ಟಿದ್ದಾರೆ. ಮಾತಾಡದೆ ಕುಂತರೆ ಹೊತ್ತು ಇಳಿದಂತೆ ಹಕ್ಕಿಗಳು ಬರುತ್ತವೆ. ಪಿಕಳಾರ ಬಂತು, ಹಸಿರು ಪಾರಿವಾಳ ಬಂತು, ಉದ್ದ ಬಾಲದ ಬಿಳಿ ರಾಜಹಕ್ಕಿ ನೀರಿಗೆ ಒಮ್ಮೆ ತಾಗಿ ಮೇಲೇರಿತು. ಒಂದು ಬಟ್ಟಲಿಗೆ ಎಷ್ಟು ಹಕ್ಕಿ, ಯಾವುದು ಮೊದಲು, ಯಾವುದು ಕಾಯುತ್ತದೆ ಎಂಬುದನ್ನು ಕಾಕಾ ರೆಪ್ಪೆ ಮಿಟುಕಿಸದೆ ನೋಡಿದ. ಟ್ಯಾಂಕರಿನ ಮುಂದೆ ಸರದಿ ನಿಂತು ಬಂದಿದ್ದ ಮನುಷ್ಯ ಅವನು. ಅಲ್ಲಿ ಸರದಿ ತಪ್ಪಿಸಿದ ಹಕ್ಕಿಯೊಂದನ್ನೂ ಕಾಣಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಊರಲ್ಲಿ ಹೇಳಿದ್ದಾನೆ.

ಅಲ್ಲಿಯೇ, ದಾರಿ ಬದಿಯ ಮರವೊಂದರ ಕಾಂಡದ ಮೇಲೆ, ಗೈಡ್ ನಮಗೆ ಹಾರುವ ಓತಿಯನ್ನು ತೋರಿಸಿದ. ನೋಡಿದರೆ ಬರೀ ತೊಗಟೆ. ಕೈ ತೋರಿಸಿದ ಮೇಲೂ ತೊಗಟೆಯೇ. ಅದು ಗದ್ದದ ಕೆಳಗಿನ ಹಳದಿ ತೊಗಲನ್ನು ಫಕ್ಕನೆ ಬಿಚ್ಚಿ ಮಡಚಿದಾಗ ತೊಗಟೆಗೆ ಕಣ್ಣು, ಬಾಲ, ಕಾಲು ಎಲ್ಲ ಮೂಡಿದವು. ಮತ್ತೆ ಸ್ವಲ್ಪ ಹೊತ್ತಿಗೆ ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳ ಮೇಲಿನ ತೊಗಲು ಚಾಚಿ, ಆಚೆ ಮರಕ್ಕೆ ತೇಲಿಹೋಯಿತು. ಪೂರ್ಣಚಂದ್ರ ತೇಜಸ್ವಿಯವರ “ಕರ್ವಾಲೊ” ಓದಿದ ಕನ್ನಡಿಗರಿಗೆ ಈ ಪ್ರಾಣಿ ಅಪರಿಚಿತವಲ್ಲ. ನನಗೂ ಪುಸ್ತಕದಿಂದ ಪರಿಚಿತ. ಆದರೆ ಎದುರಿಗಿದ್ದರೂ ಕಾಣದೆ ಇದ್ದದ್ದು ಒಬ್ಬ ಬಲ್ಲವನ ಬೆರಳಿನ ತುದಿಯಲ್ಲಿ ಕಾಣಿಸಿಕೊಳ್ಳುವ ಕ್ಷಣವನ್ನು ಯಾವ ಪುಸ್ತಕವೂ ಕೊಡಲಾರದು. ಗೈಡ್ ಎಂಬವನ ಕಸುಬು ಇದು. ಅವನು ಪ್ರಾಣಿಯನ್ನು ತಂದು ನಿಲ್ಲಿಸುವುದಿಲ್ಲ. ಅದು ಮೊದಲೇ ಅಲ್ಲಿರುತ್ತದೆ. ನಮ್ಮ ಕಣ್ಣನ್ನು ಅವನು ಅಲ್ಲಿಗೆ ತರುತ್ತಾನೆ.

ಸಂಜೆ ಚಹಾ ಕುಡಿಯುತ್ತ ಕಾಕಾ ಅವನ ಊರು ಕೇಳಿದ. ತಾಯಿಯ ತವರು ಹಳೆಯ ಸೂಪಾ ಅಂದ. ಕಾಳಿಗೆ ಅಣೆಕಟ್ಟು ಬಂದು ಸೂಪಾ ಪೇಟೆ, ಸುತ್ತಲಿನ ಹಳ್ಳಿ ನೀರಿನಡಿ ಹೋದವು. ಮನೆ ಕಳೆದುಕೊಂಡ ಎಷ್ಟೋ ಮಂದಿಯ ಹಾಗೆ ಅವರೂ ರಾಮನಗರಕ್ಕೆ ಬಂದರು. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ ದಂಡೆಗೆ ಹೋಗಿ ಕುಂತು ಬರುತ್ತಿದ್ದಳಂತೆ. ಕಾಕಾ ಚಹಾದ ಕಪ್ಪು ಕೆಳಗಿಟ್ಟ. ನನ್ನ ಅವ್ವನ ತವರೂರು ಕೃಷ್ಣೆಯ ದಂಡೆಯದು, ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಅದೇ ಊರಿನ ಬೀಗರು ಕಾಕಾನಿಗೂ ಇದ್ದರು. 1964ರಲ್ಲಿ ಅಡಿಗಲ್ಲು ಹಾಕಿದ ಆ ಅಣೆಕಟ್ಟು 2006ರಲ್ಲಿ ನಾಡಿಗೆ ಅರ್ಪಣೆಯಾಗುವ ತನಕ ಮುಳುಗಡೆಯ ಮಾತಿಲ್ಲದ ಮದುವೆ, ಮುಂಜಿ, ತಿಥಿ ನಮ್ಮ ಬಳಗದಲ್ಲಿ ಒಂದೂ ಆಗಲಿಲ್ಲ. ಪುನರ್ವಸತಿ ಕೇಂದ್ರದ ಅಗಲ ರಸ್ತೆಗಳಲ್ಲಿ ಅಗಸಿ ಎಲ್ಲಿ, ಕಟ್ಟೆ ಎಲ್ಲಿ ಎಂದು ಹುಡುಕುತ್ತಿದ್ದ ಮುದುಕರ ಕಥೆಯನ್ನು ಕಾಕಾ ಹೇಳಿದ. ಹುಡುಗ ತನ್ನ ಅಜ್ಜಿಯದನ್ನು ಹೇಳಿದ. ಒಬ್ಬರ ಸಂಕಟವನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಈಗ ಹುಲಿಗೆಂದು ಕಾಡಿನ ಒಳಗಿನ ಕೆಲವು ಹಳ್ಳಿಗಳ ಜನ ಪರಿಹಾರ ಪಡೆದು ಹೊರಗೆ ಬರುತ್ತಿದ್ದಾರೆ, ಕೆಲವರು ಬರಲೊಲ್ಲೆವು ಅನ್ನುತ್ತಾರೆ ಎಂದು ಹುಡುಗ ಹೇಳಿದ. ಕುಣಬಿಗಳು, ಗೌಳಿಗರು ತಲೆತಲಾಂತರದಿಂದ ಅಲ್ಲಿದ್ದವರು. ಕುಣಬಿಗಳು ಬೆಳೆಯುವ ಬಗೆಬಗೆಯ ಗೆಡ್ಡೆ ಗೆಣಸಿಗೆ ಜೋಯಿಡಾ ಹೆಸರಾಗಿದೆ. ಹೊರಗಿನಿಂದ ಬಂದ ನಮಗೆ ಕಾಡು ತೋರಿಸುವ ಜ್ಞಾನ ಆ ಮನೆಗಳಲ್ಲೇ ಬೆಳೆದದ್ದು. ಕಾಡು ಉಳಿಯಬೇ­ಕು, ಅದನ್ನು ಬಲ್ಲವರ ಬದುಕೂ ಉಳಿಯಬೇಕು. ಗೈಡಿನ ಕೆಲಸ ಅಂಥ ಮನೆಯ ಹುಡುಗರಿಗೆ ಊರು ಬಿಡದೆ ಸಿಗುವ ಮರ್ಯಾದೆಯ ಅನ್ನ. ಅವನ ಕೂಲಿಯಲ್ಲಿ ಚೌಕಾಶಿ ಮಾಡುವವರನ್ನು ಕಂಡರೆ ಅಂದಿನಿಂದ ನನಗೆ ತಡೆಯಲಾಗುವುದಿಲ್ಲ.

ನೀರಿನ ಮಾತು ತೆಗೆದವನೂ ಕಾಕಾನೇ. “ಇಷ್ಟು ಮಳಿ ಬೀಳ್ತದಲ್ಲ ತಮ್ಮಾ ನಿಮ್ಮ ಕಡಿ, ಎಲ್ಲಾ ಕಡಲಿಗೆ ಹೋಗ್ತದೇನು?”

“ನಮ್ಮ ಕಾಳಿ ಕಾರವಾರಕ್ಕ ಹೋಗ್ತಾಳ್ರಿ. ಆದ್ರ ಇದೇ ಗುಡ್ಡದ ಸಾಲು ಬಡಗಣಕ್ಕ ಹೋಗ್ತದ ನೋಡ್ರಿ. ಖಾನಾಪುರದ ಕಣಕುಂಬಿಯೊಳಗ ಮಲಪ್ರಭಾ ಹುಟ್ಟತದ. ಅದರಾಚಿ ಘಟಪ್ರಭಾ. ಹಂಗ ಮ್ಯಾಲ ಹೋದ್ರ ಕೃಷ್ಣಾ. ಅವೆಲ್ಲ ನಿಮ್ಮ ಕಡೀಗೆ ಬರ್ತಾವಲ್ಲ.”

ಮಾಸ್ತರನಾಗಿ ನಾನು ಆ ನದಿಗಳ ಮೂಲ ಎಷ್ಟು ವರ್ಷ ಬಾಯಿಪಾಠ ಮಾಡಿಸಿದ್ದೇನೋ. ಆದರೆ ಆ ಸಂಜೆ, ಬರುವಾಗ ನಿಂತು ನೋಡಿದ ಮೂರೂ ಸೇತುವೆಗಳು ಒಂದು ದಾರಕ್ಕೆ ಪೋಣಿಸಿಕೊಂಡವು. ಕಾಳಿಯ ಕಾಡಿನಿಂದ ಬಡಗಣಕ್ಕೆ ಬೆಳಗಾವಿ ಜಿಲ್ಲೆಯ ಭೀಮಗಡ, ಗೋವಾದ ಮಹದಾಯಿ, ಮೊಲೆಂ ಕಾಡುಗಳು, ಅಲ್ಲಿಂದ ಮೇಲೆ ಮಹಾರಾಷ್ಟ್ರದ ಕೊಯ್ನಾ, ಚಾಂದೋಲಿಯ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶ. ಘಟ್ಟದ ಈ ಹಸಿರು ಸಾಲಿನ ನೆತ್ತಿಗೆ ಬಿದ್ದ ಮಳೆಯೇ ಕೊಯ್ನಾ, ವಾರಣಾ, ದೂಧಗಂಗೆಯಾಗಿ ಕೃಷ್ಣೆಗೆ ಕೂಡಿ ನಮ್ಮ ಜಿಲ್ಲೆಯನ್ನು ಮುಟ್ಟುತ್ತದೆ. ಕಾಡಿನ ನೆಲ ಮಳೆಯನ್ನು ಹೀರಿಕೊಂಡು ಒರತೆಯಾಗಿ ತಡೆದು ತಡೆದು ಬಿಡುತ್ತದೆ. ಅದಕ್ಕೇ ಮಳೆ ನಿಂತ ಮೇಲೂ ಹೊಳೆ ತಿಂಗಳುಗಟ್ಟಲೆ ಹರಿಯುತ್ತದೆ. ಘಟ್ಟ ಬೋಳಾದರೆ ಮಹಾಪೂರ ಬೇಗ, ಬತ್ತುವುದೂ ಬೇಗ. ಟಿಕೋಟಾದ ದ್ರಾಕ್ಷಿಗೂ ಕೊಯ್ನಾದ ಮಳೆಕಾಡಿಗೂ ನಡುವೆ ಇರುವುದು ಒಂದು ಹೊಳೆಯ ದೂರ. ಕಾಕಾ ತುಂಬ ಹೊತ್ತು ಸುಮ್ಮನಿದ್ದು, “ಅಂದ್ರ ನಮ್ಮ ಬಾವಿ ಇಲ್ಲಿಂದ ಸುರು ಆಗತದ,” ಅಂದ.

ಮರುದಿನ ಉಳವಿಗೆ ಹೋಗಿ ಗದ್ದಿಗೆಗೆ ಕೈಮುಗಿದು ಬಂದೆವು. ಶರಣರು ತಂಗಿದ್ದರೆಂದು ತೋರಿಸುವ ಗವಿಗಳ ದಾರಿಯಲ್ಲಿ ಕಾಕಾ ತಾನೇ ನಿಂತು ಕಿವಿಗೊಡುತ್ತಿದ್ದ. ಸಿಳ್ಳಾರ ಹಕ್ಕಿಯ ಸಿಳ್ಳೆಯನ್ನು ನನಗಿಂತ ಮೊದಲು ಹಿಡಿದವನು ಅವನೇ.

ಅಲ್ಲಿಂದ ಬಂದ ಮೇಲೆ ನಮ್ಮ ಬಯಲು ಬೇರೆಯಾಗಿ ಕಾಣತೊಡಗಿತು. ನಮ್ಮ ಜಿಲ್ಲೆಯ ಅರಣ್ಯ ಪ್ರಮಾಣ ರಾಜ್ಯದಲ್ಲೇ ತೀರ ಕಡಿಮೆಯದು. ಹಾಗೆಂದು ಇಲ್ಲಿ ವನ್ಯಜೀವಿಗಳಿಲ್ಲ ಎಂದಲ್ಲ. ಹುಲ್ಲುಬಯಲಿನ ಚಿಗರಿ ನಮ್ಮದು. ಕುರಿಹಿಂಡಿನ ಹಿಂದೆ ನೆರಳಿನಂತೆ ಸರಿಯುವ ತೋಳ ನಮ್ಮದು. ಹಳಬರು ಎರೆಭೂತ ಎಂದು ಕರೆಯುತ್ತಿದ್ದ ಎರಿ ಬಯಲುಗಳ ಭಾರಿ ಹಕ್ಕಿ ಈಗ ಈ ರಾಜ್ಯದಲ್ಲಿ ಬಳ್ಳಾರಿಯ ಸಿರಗುಪ್ಪದ ಕಡೆ ಕೈಬೆರಳೆಣಿಕೆಯಷ್ಟು ಉಳಿದಿದೆ. ಬೇಸಿಗೆಯಲ್ಲಿ ನಮ್ಮ ಮಡ್ಡಿಗಳ ಕಲ್ಲಿನ ಮೇಲೆ ಒಂದು ಓತಿ ಏರಿ, ಗಂಟಲ ಕೆಳಗಿನ ನೀಲಿ, ಕಪ್ಪು, ಕಿತ್ತಳೆ ಬಣ್ಣದ ತೊಗಲನ್ನು ಬಿಚ್ಚಿ ಬಿಚ್ಚಿ ಹೆಣ್ಣನ್ನು ಕರೆಯುತ್ತದೆ. ಗಣೇಶಗುಡಿಯಲ್ಲಿ ಹಳದಿ ತೊಗಲು ಬಿಚ್ಚಿದ ಓತಿಯನ್ನು ಕಂಡ ಕಣ್ಣಿಗೆ ಮರುವರ್ಷ ನಮ್ಮ ಮಡ್ಡಿಯಲ್ಲಿ ಇದು ಕಂಡಿತು. ಅದೇ ಮಡ್ಡಿಯಲ್ಲಿ ನಾನು ಹುಡುಗನಾಗಿ ದನ ಕಾದಿದ್ದೆ.

ಇತ್ತೀಚಿನ ವರ್ಷಗಳಲ್ಲಿ ನೀರಾವರಿ ಬಂತು. ತುಬಚಿ-ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳಿಂದ ಕೃಷ್ಣೆಯ ನೀರು ಮೇಲೇರಿ ನಮ್ಮ ಸೀಮೆಗೆ ಹರಿಯಿತು, ಬತ್ತಿದ್ದ ಕೆರೆಗಳು ತುಂಬಿದವು. ಕೋಟಿ ವೃಕ್ಷ ಅಭಿಯಾನದಲ್ಲಿ ಜಿಲ್ಲೆಯ ತುಂಬ ಗಿಡ ನೆಟ್ಟರು. ಆದಿಲಶಾಹಿ ಕಾಲದ ಮಮದಾಪುರದ ಕೆರೆಯ ದಂಡೆಗೆ ಚಳಿಗಾಲದಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವುದು ನನ್ನ ರೂಢಿಯಾಯಿತು. ಕುಳಗಿಯ ಹುಡುಗ ಹೇಳಿದ್ದನ್ನೇ ಹೇಳುತ್ತೇನೆ, ಮೊದಲು ಕಿವಿ, ಆಮೇಲೆ ಕಣ್ಣು. ಗೂಡು ಕಂಡರೆ ಹಿಂದೆ ಸರಿಯಬೇಕು. ಕೆರೆಯಲ್ಲಿ ನಿಂತ ನೀರು ಎಲ್ಲಿ ಮಳೆಯಾಗಿ ಬಿದ್ದದ್ದು ಎಂದು ಕೇಳುತ್ತೇನೆ. ಮಕ್ಕಳು ಘಟ್ಟದ ದಿಕ್ಕಿಗೆ ಕೈ ತೋರಿಸುತ್ತಾರೆ. ಇದರ ಜೊತೆಗೆ ಇನ್ನೊಂದು ಮಾತನ್ನೂ ತಪ್ಪದೆ ಹೇಳುತ್ತೇನೆ. ಚಿಗರಿಗೂ ತೋಳಕ್ಕೂ ಬೇಕಾದದ್ದು ತೆರೆದ ಹುಲ್ಲುಗಾವಲು. ಊರಿಗೆ ನೆರಳಾಗುವಷ್ಟು ಗಿಡ ನೆಡೋಣ, ಆದರೆ ಮಡ್ಡಿ, ಗೋಮಾಳಗಳನ್ನು ಬಯಲಾಗಿಯೇ ಉಳಿಸುವುದೂ ಕಾಡು ಉಳಿಸುವ ಕೆಲಸವೇ.

ಉಳವಿಗೆ ಚಕ್ಕಡಿಗಳು ಇಂದಿಗೂ ಹೋಗುತ್ತವೆ. ಟ್ರ್ಯಾಕ್ಟರ್, ಟೆಂಪೊ, ಕಾರುಗಳೂ ಹೋಗುತ್ತವೆ. ಭಾರತ ಹುಣ್ಣಿಮೆಯ ಹೊತ್ತಿಗೆ ಕಾಡು ಒಣಗಿರುತ್ತದೆ. ಅಡುಗೆಯ ಒಲೆಯಿಂದ ಹಾರಿದ ಒಂದು ಕಿಡಿ ಸಾಕು. ಎಸೆದ ಪ್ಲಾಸ್ಟಿಕ್ ತಟ್ಟೆಯನ್ನು ಅನ್ನದ ವಾಸನೆಗೆ ಕಡವೆ ನುಂಗುತ್ತದೆ. ನಮ್ಮ ಹಿರಿಯರಿಗೆ ಇದ್ದ ಅಂಜಿಕೆ ನಮಗೆ ಬೇಕಿಲ್ಲ. ಟೊಂಗೆ ಮುರಿಯುವ ಮೊದಲು ಕೈಮುಗಿದ ಅವರ ಮರ್ಯಾದೆ ನಮಗೆ ಬೇಕೇಬೇಕು. ಜಾತ್ರೆಗೆ ಹೋಗುವ ನಮ್ಮ ಕಡೆಯವರಿಗೆಲ್ಲ ನಾನು ಕೇಳಿಕೊಳ್ಳುವುದು ಇಷ್ಟು. ಒಲೆಯ ಬೆಂಕಿ ನೀರು ಹಾಕಿ ಆರಿಸಿ. ಒಯ್ದದ್ದನ್ನೆಲ್ಲ ಹೊರಳಿ ತನ್ನಿ. ಒಂದು ದಿನ ಹೆಚ್ಚು ಉಳಿದು, ಅಲ್ಲಿಯ ಹುಡುಗನೊಬ್ಬನನ್ನು ಗೈಡ್ ಆಗಿ ಕರೆದುಕೊಂಡು, ಕೇಳಿದಷ್ಟು ಕೂಲಿ ಕೊಟ್ಟು, ಮಕ್ಕಳನ್ನು ಕಾಡಿನೊಳಗೆ ನಡೆಸಿ. ಹುಲಿ ಕಾಣದಿದ್ದರೂ ಸರಿ. ಘಟ್ಟದ ಮಳೆಯನ್ನು ಕುಡಿದು, ಅದರಲ್ಲೇ ದ್ರಾಕ್ಷಿ ಬೆಳೆದು ಬಾಳುವ ನಾವು, ಕಾಡು ಕಾಯುವ ಹೊರೆಯನ್ನು ಜೋಯಿಡಾದವರ ತಲೆಗೇ ಬಿಟ್ಟು ದೂರ ನಿಲ್ಲಲಾಗದು. ಅದರಲ್ಲಿ ನಮ್ಮ ಪಾಲೂ ಇದೆ, ಆ ಪಾಲನ್ನು ನಮ್ಮ ಮಕ್ಕಳು ಚಿಕ್ಕಂದಿನಲ್ಲೇ ತಿಳಿದುಕೊಳ್ಳಲಿ.